ಅಮೆರಿಕದಲ್ಲಿ ಪ್ರಿ-ಮೆಡ್: ಓದು ಕೆಡದಂತೆ ವಾಲಂಟಿಯರ್ ಕೆಲಸ ಮಾಡುವುದು ಹೇಗೆ?

"ಅಕ್ಕಾ, ಒಟ್ಟು ಎಷ್ಟು ಗಂಟೆ ಬೇಕು?"

ಆಗಸ್ಟ್ ತಿಂಗಳು ಬಂತೆಂದರೆ ನನಗೆ ಈ ಫೋನ್ ಗ್ಯಾರಂಟಿ. ಕನ್ನಡ ಕೂಟದಲ್ಲಿ ಪರಿಚಯವಾದವರ ಮಗಳೋ, ಅಪ್ಪನ ಆಫೀಸಿನವರ ಮಗನೋ ಆಗ ತಾನೆ ಕಾಲೇಜಿಗೆ ಸೇರಿರುತ್ತಾರೆ. ಡಾಕ್ಟರ್ ಆಗಬೇಕು ಅನ್ನೋ ಆಸೆ. ಆಸ್ಪತ್ರೆಯಲ್ಲಿ ವಾಲಂಟಿಯರ್ ಮಾಡಿರಬೇಕು ಅಂತ ಯಾರೋ ಹೇಳಿರುತ್ತಾರೆ. ಎಷ್ಟು ಗಂಟೆ ಅಂತ ಗೊತ್ತಾಗಿಬಿಟ್ಟರೆ ಬೇಗ ಮುಗಿಸಿಬಿಡಬಹುದು ಅನ್ನೋ ಲೆಕ್ಕ.

ನಾನೂ ಅದೇ ಲೆಕ್ಕ ಹಾಕಿದವಳು. ಶಿವಮೊಗ್ಗದಲ್ಲಿ ಒಂಬತ್ತನೇ ಕ್ಲಾಸ್ ಓದಿ ಇಲ್ಲಿಗೆ ಬಂದೆ. ಅಮ್ಮನಿಗೆ ಗೊತ್ತಿದ್ದ ವಾಲಂಟಿಯರ್ ಕೆಲಸ ಅಂದರೆ ಎನ್‌ಎಸ್‌ಎಸ್. ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಕ್ಯಾಂಪ್, ಕೊನೆಗೆ ಸರ್ಟಿಫಿಕೇಟ್. "ನೀನೂ ಒಂದು ಸರ್ಟಿಫಿಕೇಟ್ ತಗೊಂಡುಬಿಡು" ಅಂದರು. ನಾನು ಮೊದಲ ಸೆಮಿಸ್ಟರ್‌ನಲ್ಲೇ ಎರಡು ಕಡೆ ಸೇರಿಕೊಂಡೆ. ಸರ್ಟಿಫಿಕೇಟ್ ಬಂತು. ಅದರ ಜೊತೆಗೆ ಕೆಮಿಸ್ಟ್ರಿಯಲ್ಲಿ 'ಸಿ' ಕೂಡ ಬಂತು. ಸರ್ಟಿಫಿಕೇಟನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ಆ 'ಸಿ' ಬಗ್ಗೆ ಮಾತ್ರ ಇಬ್ಬರು ಇಂಟರ್‌ವ್ಯೂನಲ್ಲಿ ಕೇಳಿದರು.

ಈಗ ರೆಸಿಡೆನ್ಸಿ, ಅಂದರೆ ಮೆಡಿಕಲ್ ಸ್ಕೂಲ್ ಆದಮೇಲಿನ ಆಸ್ಪತ್ರೆಯ ತರಬೇತಿ, ಮಾಡುತ್ತಿದ್ದೇನೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು, ಇಲ್ಲಿನ ಪದ್ಧತಿ

ನಮ್ಮೂರಲ್ಲಿ ಪಿಯುಸಿ ಆದಮೇಲೆ ನೀಟ್. 720ಕ್ಕೆ ಎಷ್ಟು ಬಂತು, ರ್‍ಯಾಂಕ್ ಎಷ್ಟು, ಅಷ್ಟೇ. ಸೀಟ್ ಸಿಕ್ಕರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದಲ್ಲಿ ಎಂಬಿಬಿಎಸ್ ಮುಗಿಯುತ್ತದೆ. ಇಲ್ಲಿ ಹೈಸ್ಕೂಲ್ ಮುಗಿಸಿ ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲ್, ಅದಾದ ಮೇಲೆ ರೆಸಿಡೆನ್ಸಿ. ಪ್ರಿ-ಮೆಡ್ ಅನ್ನುವುದು ಒಂದು ಕೋರ್ಸ್ ಅಲ್ಲ, ಡಿಗ್ರಿ ಓದುತ್ತಲೇ ಮೆಡಿಕಲ್‌ಗೆ ತಯಾರಾಗುವುದು. ನೀವು ಇತಿಹಾಸದಲ್ಲೋ ಸಂಗೀತದಲ್ಲೋ ಡಿಗ್ರಿ ಮಾಡಿಯೂ ಮೆಡಿಕಲ್‌ಗೆ ಅರ್ಜಿ ಹಾಕಬಹುದು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವು ಸಾಮಾನ್ಯವಾಗಿ ಲ್ಯಾಬ್ ಸಮೇತ ಒಂದೊಂದು ವರ್ಷ ಆಗಿರಬೇಕು. ಜೊತೆಗೆ ಬಯೋಕೆಮಿಸ್ಟ್ರಿ, ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ, ಸೋಶಿಯಾಲಜಿ ತೆಗೆದುಕೊಂಡರೆ ಹೆಚ್ಚಿನ ಕಡೆ ಸಾಕಾಗುತ್ತದೆ.

ಇಲ್ಲಿ ಎಂಡಿ ಅಂದರೆ ನಮ್ಮ ಎಂಬಿಬಿಎಸ್‌ನಂಥ ಮೊದಲ ಡಾಕ್ಟರ್ ಪದವಿ. ಎಂಡಿ ಸ್ಕೂಲ್‌ಗಳಿಗೆ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23 ಸಾವಿರ. ಸೇರಿದವರ ಜಿಪಿಎ, ಅಂದರೆ ಡಿಗ್ರಿಯ ಸರಾಸರಿ ಅಂಕ, 4ಕ್ಕೆ 3.8ರ ಆಸುಪಾಸು, ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ 512ರ ಹತ್ತಿರ. ಆಸ್ಟಿಯೋಪಥಿಕ್ ಮೆಡಿಸಿನ್ ಕಲಿಸುವ ಡಿಒ ಸ್ಕೂಲ್‌ಗಳಿಗೆ ಬೇರೆ ಅರ್ಜಿ, ಅಲ್ಲಿ ಓದಿದವರೂ ಪೂರ್ತಿ ಡಾಕ್ಟರೇ. ನೆಂಟರು "ಡಿಒ ಅಂದ್ರೇನು?" ಅಂತ ಮುಖ ಸಿಂಡರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ.

ವೀಸಾದ ವಿಷಯವನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿ. ನಮ್ಮವರಲ್ಲಿ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಕೆಲಸದ ವೀಸಾ ಎಚ್-1ಬಿ ಮೇಲೆ, ಅವಲಂಬಿತರ ವೀಸಾ ಎಚ್-4ನಲ್ಲಿ ಇರುತ್ತಾರೆ. 21 ತುಂಬಿದರೆ ಅದು ಮುಗಿಯಿತು. ಗ್ರೀನ್ ಕಾರ್ಡ್ ಬಂದಿರದಿದ್ದರೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳು ಗ್ರೀನ್ ಕಾರ್ಡ್ ಅಥವಾ ಪೌರತ್ವ ಇಲ್ಲದವರ ಅರ್ಜಿಯನ್ನೇ ನೋಡುವುದಿಲ್ಲ. ನೋಡುವ ಕೆಲವು ಕಡೆ ಫೀಸಿಗೆ ದುಡ್ಡಿದೆ ಅಂತ ಮೊದಲೇ ತೋರಿಸಬೇಕು. ಮೆಡಿಕಲ್ ಸ್ಕೂಲ್‌ಗಳ ಸಂಘವಾದ ಎಎಎಂಸಿ ನಡೆಸುವ ಎಂಎಸ್‌ಎಆರ್ ಅನ್ನುವ ಪಟ್ಟಿಯಲ್ಲಿ ಪ್ರತಿ ಸ್ಕೂಲಿನ ನಿಯಮ ಇದೆ. ಮೂರನೇ ವರ್ಷದಲ್ಲಿ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಮೊದಲ ಸೆಮಿಸ್ಟರ್: ಬರೀ ಓದಿ

ಹೌದು, ಬರೀ ಓದಿ. ವಾಲಂಟಿಯರ್ ಕೆಲಸ ಜನವರಿವರೆಗೆ ಕಾಯುತ್ತದೆ.

ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ನಾಲ್ಕು ಕ್ರೆಡಿಟ್‌ನ ಕೆಮಿಸ್ಟ್ರಿಯಲ್ಲಿ 'ಸಿ' ಬಂತು ಅಂದುಕೊಳ್ಳಿ. ಅಂದರೆ 2.0. ಅದನ್ನೇ ಇನ್ನೊಂದು ಸಲ ತೆಗೆದುಕೊಂಡು 'ಎ' ಮಾಡಿದಿರಿ, 4.0. ಎಷ್ಟೋ ಕಾಲೇಜುಗಳು ಹಳೆಯ ಅಂಕ ಅಳಿಸಿ ಹೊಸದನ್ನೇ ಹಿಡಿಯುತ್ತವೆ. ಆದರೆ ಎಂಡಿ ಅರ್ಜಿ ಹೋಗುವ ಆಮ್ಕಾಸ್ ಅನ್ನುವ ವ್ಯವಸ್ಥೆ ಎರಡನ್ನೂ ಎಣಿಸುತ್ತದೆ. ಎಂಟು ಕ್ರೆಡಿಟ್‌ಗೆ ಸರಾಸರಿ 3.0. ಅಷ್ಟೆಲ್ಲ ಒದ್ದಾಡಿದ ಮೇಲೂ ಅದು 'ಬಿ' ಮಾತ್ರ. ಅಲ್ಲದೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಇಷ್ಟನ್ನೇ ಬೇರೆ ತೆಗೆದು ಸೈನ್ಸ್ ಜಿಪಿಎ ಅಂತ ಇನ್ನೊಂದು ಲೆಕ್ಕ ಹಾಕುತ್ತಾರೆ. ಸುಲಭದ ವಿಷಯಗಳಲ್ಲಿ 'ಎ' ತಂದು ಅದನ್ನು ಮುಚ್ಚುವ ಹಾಗಿಲ್ಲ.

ಓದುವ ಕ್ರಮದಲ್ಲಿ ನಾನು ಮಾಡಿದ ಒಂದೇ ಒಂದು ದೊಡ್ಡ ಬದಲಾವಣೆ ಹೇಳುತ್ತೇನೆ. ಮೊದಲು ನೋಟ್ಸ್ ಓದುತ್ತಿದ್ದೆ, ಬಣ್ಣ ಬಣ್ಣದ ಪೆನ್ನಲ್ಲಿ ಗೆರೆ ಎಳೆಯುತ್ತಿದ್ದೆ. ಓದುವಾಗ ಎಲ್ಲ ಗೊತ್ತು ಅನ್ನಿಸುತ್ತಿತ್ತು. ಪರೀಕ್ಷೆಯಲ್ಲಿ ಕೂತರೆ ಖಾಲಿ. ಆಮೇಲೆ ಪುಸ್ತಕ ಮುಚ್ಚಿ ಬಿಳಿ ಹಾಳೆ ಇಟ್ಟುಕೊಂಡೆ. ಗ್ಲೈಕೋಲಿಸಿಸ್‌ನಲ್ಲಿ ಹತ್ತು ಹಂತ. ಗ್ಲೂಕೋಸ್‌ನಿಂದ ಶುರು ಮಾಡಿ ನೆನಪಿದ್ದಷ್ಟು ಬರೆಯುವುದು. ಮೊದಲ ದಿನ ನಾಲ್ಕನೇ ಹಂತಕ್ಕೆ ನಿಂತೆ. ಪುಸ್ತಕ ತೆಗೆದು ತಪ್ಪಿದ್ದನ್ನು ಕೆಂಪು ಪೆನ್ನಲ್ಲಿ ಬರೆದೆ. ಎರಡು ದಿನ ಬಿಟ್ಟು ಮತ್ತೆ ಬಿಳಿ ಹಾಳೆ. ಅದಾಗಿ ಒಂದು ವಾರಕ್ಕೆ ಇನ್ನೊಂದು ಸಲ. ಇದನ್ನೇ ಫೋನಿನಲ್ಲಿ ಮಾಡಿಸುವ ಆಂಕಿ ಅನ್ನುವ ಆ್ಯಪ್ ಇದೆ, ಮೆಡಿಕಲ್ ಸ್ಕೂಲ್‌ನಲ್ಲಿ ಅರ್ಧ ಕ್ಲಾಸ್ ಅದನ್ನೇ ಹಿಡಿದುಕೊಂಡು ಕೂತಿರುತ್ತದೆ. ಈಗಲೇ ಅಭ್ಯಾಸ ಮಾಡಿಕೊಳ್ಳಿ.

ಪ್ರೊಫೆಸರ್‌ಗಳ ಆಫೀಸ್ ಅವರ್‌ಗೆ ಹೋಗಿ. ವಿದ್ಯಾರ್ಥಿಗಳ ಪ್ರಶ್ನೆಗೆ ಅಂತಲೇ ಅವರು ಎತ್ತಿಟ್ಟ ಸಮಯ ಅದು. ನಮ್ಮ ಮಕ್ಕಳಿಗೆ ಇದು ಕಷ್ಟ. ಮೇಷ್ಟ್ರ ರೂಮಿಗೆ ಹೋಗುವುದು ಅಂದರೆ ತಪ್ಪು ಮಾಡಿದವರು ಹೋಗೋದು ಅಂತ ಬೆಳೆದಿರುತ್ತೇವೆ, ಅಲ್ವಾ? ಇಲ್ಲಿ ಹೋಗದಿದ್ದರೇ ನಷ್ಟ. "ಅರ್ಥ ಆಗಲಿಲ್ಲ ಸರ್" ಅಂತ ಬರಿಗೈಲಿ ಹೋಗಬೇಡಿ. ನೀವು ಬಿಡಿಸಿದ ಲೆಕ್ಕ ತೆಗೆದುಕೊಂಡು ಹೋಗಿ, "ಇಲ್ಲಿಯವರೆಗೆ ಬಂದೆ, ಈ ಸಾಲಿನಲ್ಲಿ ಸಿಕ್ಕಿಕೊಂಡೆ" ಅಂತ ತೋರಿಸಿ. ಮೂರು ವರ್ಷ ಆದಮೇಲೆ ನಿಮಗೆ ಶಿಫಾರಸು ಪತ್ರ ಬರೆಯುವವರು ಇವರೇ. ಮುನ್ನೂರು ಜನರ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು 'ಎ' ತಂದವರ ಬಗ್ಗೆ ಅವರಾದರೂ ಏನು ಬರೆಯಬೇಕು?

ಎರಡನೇ ಸೆಮಿಸ್ಟರ್: ಒಂದು ಜಾಗ ಹುಡುಕಿ

ಅರ್ಜಿ ಓದುವವರು ಮೂರು ಬಗೆಯ ಅನುಭವ ಹುಡುಕುತ್ತಾರೆ. ರೋಗಿಗಳ ಜೊತೆ ನೇರವಾಗಿ ಇರುವ ಕೆಲಸ. ರೋಗಕ್ಕೆ ಸಂಬಂಧ ಇಲ್ಲದ ಸೇವೆ, ಅಂದರೆ ಊಟ ಹಂಚುವುದು, ಮಕ್ಕಳಿಗೆ ಪಾಠ ಹೇಳುವುದು, ಮನೆ ಇಲ್ಲದವರ ತಂಗುದಾಣದಲ್ಲಿ ಕೆಲಸ. ಮೂರನೆಯದು ಡಾಕ್ಟರ ಹಿಂದೆ ಸುಮ್ಮನೆ ನಿಂತು ನೋಡುವುದು, ಅದಕ್ಕೆ ಶ್ಯಾಡೋಯಿಂಗ್ ಅನ್ನುತ್ತಾರೆ.

ಮೊದಲನೆಯದರ ಬಗ್ಗೆ ಎಚ್ಚರ. ಆಸ್ಪತ್ರೆ ಒಳಗಿದ್ದ ಮಾತ್ರಕ್ಕೆ ರೋಗಿಗಳ ಜೊತೆ ಇದ್ದ ಹಾಗಲ್ಲ. ನನ್ನನ್ನು ಮೊದಲು ಹಾಕಿದ್ದು ಗಿಫ್ಟ್ ಅಂಗಡಿಗೆ. ಒಂದು ಸೆಮಿಸ್ಟರ್ ಪೂರ್ತಿ ಬಲೂನಿಗೆ ಗಾಳಿ ತುಂಬಿದೆ. ಸೇರುವಾಗಲೇ ಕೇಳಿ: "ನಾನು ರೋಗಿಗಳ ಜೊತೆ ಮಾತಾಡುತ್ತೇನಾ? ಯಾವ ವಾರ್ಡ್? ಆರು ತಿಂಗಳಾದ ಮೇಲೆ ಬೇರೆ ಜಾಗಕ್ಕೆ ಬದಲಾಯಿಸಬಹುದಾ?"

ಎಲ್ಲರೂ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಮುಗಿಬೀಳುತ್ತಾರೆ. ಅಲ್ಲಿ ವೇಟಿಂಗ್ ಲಿಸ್ಟ್ ಉದ್ದ, ಕೆಲಸ ಕಡಿಮೆ. ನನ್ನನ್ನು ಕೇಳಿದರೆ ಹಾಸ್ಪಿಸ್‌ಗೆ ಹೋಗಿ. ಇನ್ನು ಗುಣವಾಗುವುದಿಲ್ಲ ಅಂತ ಗೊತ್ತಾದವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಅದು. ಅವರಿಗೆ ವಾಲಂಟಿಯರ್‌ಗಳು ನಿಜವಾಗಿ ಬೇಕು, ಅದಕ್ಕೆ ಕಾನೂನಿನ ಕಾರಣವೂ ಇದೆ. ವಯಸ್ಸಾದವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್‌ನ ದುಡ್ಡು ಪಡೆಯುವ ಹಾಸ್ಪಿಸ್‌ಗಳಲ್ಲಿ, ಸಂಬಳದ ಸಿಬ್ಬಂದಿ ರೋಗಿಗಳಿಗಾಗಿ ದುಡಿಯುವ ಒಟ್ಟು ಗಂಟೆಗಳ ಶೇಕಡಾ 5ರಷ್ಟಾದರೂ ವಾಲಂಟಿಯರ್ ಕೆಲಸ ಇರಲೇಬೇಕು. ಹಾಗಾಗಿ ತರಬೇತಿ ಚೆನ್ನಾಗಿ ಕೊಡುತ್ತಾರೆ, ಬಲೂನ್ ಊದಿಸುವುದಿಲ್ಲ. ಹಾಸಿಗೆ ಪಕ್ಕದಲ್ಲಿ ಕೂರಿಸುತ್ತಾರೆ.

ಕ್ರೈಸಿಸ್ ಟೆಕ್ಸ್ಟ್ ಲೈನ್ ಕೂಡ ಒಳ್ಳೆಯದು. ಮೊದಲು ತರಬೇತಿ, ಆಮೇಲೆ ಒಟ್ಟು 200 ಗಂಟೆ ಕೊಡುತ್ತೇನೆ ಅಂತ ಒಪ್ಪಿಕೊಳ್ಳಬೇಕು. ಸಂಕಟದಲ್ಲಿರುವವರ ಮೆಸೇಜ್‌ಗೆ ರೂಮಿನಲ್ಲೇ ಕೂತು ಉತ್ತರಿಸುವ ಕೆಲಸ. ಕಾರ್ ಇಲ್ಲದವರಿಗೆ ಅನುಕೂಲ. ಆದರೆ ನಿಮ್ಮ ಮನಸ್ಸೇ ಸರಿ ಇಲ್ಲದ ವರ್ಷದಲ್ಲಿ ಇದನ್ನು ಹಿಡಿಯಬೇಡಿ.

ದುಡ್ಡು ಬೇಕಾದವರು ಸಂಬಳದ ಕೆಲಸವನ್ನೇ ಹುಡುಕಬಹುದು. ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳುವ ಸ್ಕ್ರೈಬ್, ಆ್ಯಂಬುಲೆನ್ಸ್‌ನಲ್ಲಿ ಇಎಂಟಿ, ನರ್ಸಿಂಗ್ ಸಹಾಯಕರಾದ ಸಿಎನ್‌ಎ. ಇವೆಲ್ಲ ಅರ್ಜಿಯಲ್ಲಿ ರೋಗಿಗಳ ಜೊತೆಗಿನ ಅನುಭವವಾಗಿಯೇ ಎಣಿಕೆಯಾಗುತ್ತವೆ, ಸಂಬಳ ಬಂತು ಅಂತ ಬೆಲೆ ಕಡಿಮೆಯಾಗುವುದಿಲ್ಲ. ಎಫ್-1ನಲ್ಲಿರುವವರು ಮಾತ್ರ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಏನನ್ನೂ ಒಪ್ಪಿಕೊಳ್ಳಬೇಡಿ. ಬೇರೆಯವರಿಗೆ ಸಂಬಳ ಕೊಡುವ ಕೆಲಸವನ್ನು ನೀವು ಬಿಟ್ಟಿ ಮಾಡಿದರೂ ಅದು ಕೆಲಸವೇ ಅಂತ ಹಿಡಿಯುವ ಸಾಧ್ಯತೆ ಇದೆ.

ಸೇರುವ ಕಾಗದಪತ್ರ, ಮತ್ತು ತೋಳಿನ ಮೇಲಿನ ಕಲೆ

ಅರ್ಜಿ ಹಾಕಿದ ವಾರವೇ ಕರೆಯುತ್ತಾರೆ ಅಂದುಕೊಳ್ಳಬೇಡಿ. ಬ್ಯಾಕ್‌ಗ್ರೌಂಡ್ ಚೆಕ್, ಲಸಿಕೆ ದಾಖಲೆ, ಫ್ಲೂ ಲಸಿಕೆ, ಟಿಬಿ ಪರೀಕ್ಷೆ, ರೋಗಿಗಳ ಗುಟ್ಟು ಕಾಪಾಡುವ ಹಿಪಾ ಕಾನೂನಿನ ತರಬೇತಿ, ಇಷ್ಟೂ ಆಗಬೇಕು. ಒಂದೆರಡು ತಿಂಗಳೇ ಹಿಡಿಯಬಹುದು. ನವೆಂಬರ್‌ನಲ್ಲಿ ಅರ್ಜಿ ಹಾಕಿದರೆ ಜನವರಿ ಕೊನೆಗೆ ಶುರು ಮಾಡಬಹುದು.

ಭಾರತದಲ್ಲಿ ಹುಟ್ಟಿದವರು ಇಲ್ಲೊಂದು ಕಡೆ ಸಿಕ್ಕಿಬೀಳುತ್ತಾರೆ. ನಿಮ್ಮ ಎಡ ತೋಳಿನ ಮೇಲೆ ಸಣ್ಣ ಗುಂಡಿಯಂಥ ಕಲೆ ಇದೆಯಾ? ಅದು ಬಿಸಿಜಿ ಲಸಿಕೆಯದು. ಅದನ್ನು ಹಾಕಿಸಿಕೊಂಡವರಿಗೆ ಚರ್ಮದ ಮೇಲೆ ಮಾಡುವ ಟಿಬಿ ಪರೀಕ್ಷೆ, ಟಿಬಿ ಇಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ಆಮೇಲೆ ಎಕ್ಸ್‌ರೇ, ಅದರ ರಿಪೋರ್ಟ್, ಅಲ್ಲಿಂದಿಲ್ಲಿಗೆ ಓಡಾಟ. ನನಗೆ ಹಾಗೇ ಆಗಿ ಐದು ವಾರ ಹೋಯಿತು. ಮೊದಲೇ ಹೇಳಿ: "ನನಗೆ ಬಿಸಿಜಿ ಆಗಿದೆ, ರಕ್ತ ಪರೀಕ್ಷೆ ಮಾಡಿ." ರಕ್ತದಲ್ಲಿ ಮಾಡುವ ಟಿಬಿ ಪರೀಕ್ಷೆಗೆ ಬಿಸಿಜಿಯಿಂದ ಗೊಂದಲ ಆಗುವುದಿಲ್ಲ. ಹಳೆಯ ಲಸಿಕೆ ಕಾರ್ಡ್ ಊರಲ್ಲಿ ಅಜ್ಜಿ ಮನೆಯ ಟ್ರಂಕಿನಲ್ಲಿದ್ದರೆ ಫೋಟೋ ತರಿಸಿಕೊಳ್ಳಿ. ಸಿಗದಿದ್ದರೂ ಪರವಾಗಿಲ್ಲ, ದಡಾರ, ಸೀತಾಳೆ ಸಿಡುಬಿನಂಥವಕ್ಕೆ ರಕ್ತದಲ್ಲಿ ರೋಗನಿರೋಧಕ ಶಕ್ತಿ ಇದೆಯಾ ಅಂತ ಅಳೆಯುತ್ತಾರೆ.

ವಾರದ ಲೆಕ್ಕ

ವಾರಕ್ಕೆ ಮೂರು ಗಂಟೆ. ವರ್ಷದಲ್ಲಿ ಪರೀಕ್ಷೆ, ರಜೆ ಎಲ್ಲ ಕಳೆದು 30 ವಾರ. ಮೂರು ವರ್ಷ. ಒಟ್ಟು 270 ಗಂಟೆ. "ಎಷ್ಟು ಗಂಟೆ ಬೇಕು" ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಒಂದೇ ಜಾಗಕ್ಕೆ ವಾರ ವಾರ ಹೋಗಿ, ಗಂಟೆ ತಾನಾಗಿ ಆಗುತ್ತದೆ. ಒಂದು ಬೇಸಿಗೆಯಲ್ಲಿ 270 ಗಂಟೆ ತುಂಬಿಸಿದವರನ್ನೂ, ಮೂರು ವರ್ಷ ಶನಿವಾರ ಬಿಡದೆ ಹೋದವರನ್ನೂ ಅರ್ಜಿ ಓದುವವರು ದಿನಾಂಕ ನೋಡಿಯೇ ಗುರುತು ಹಿಡಿಯುತ್ತಾರೆ.

ನಾನು ಶನಿವಾರ ಬೆಳಿಗ್ಗೆ ಇಟ್ಟುಕೊಂಡಿದ್ದೆ. ಶುಕ್ರವಾರ ರಾತ್ರಿ ಬೇರೆಯವರ ಹಾಗೆ ತಿರುಗಾಡಲು ಆಗುತ್ತಿರಲಿಲ್ಲ, ಅದೊಂದು ಬೇಜಾರು. ಆದರೆ ವಾರದ ದಿನದ ಲ್ಯಾಬ್‌ಗೆ ಅಡ್ಡಿಯಾಗಲಿಲ್ಲ. ಸೆಮಿಸ್ಟರ್ ಶುರುವಾದ ದಿನವೇ ಪರೀಕ್ಷೆ ದಿನಾಂಕ ನೋಡಿ, ಯಾವ ಎರಡು ಮೂರು ಶನಿವಾರ ಬರುವುದಿಲ್ಲ ಅಂತ ಕೋಆರ್ಡಿನೇಟರ್‌ಗೆ ಮೊದಲೇ ಬರೆದು ಕಳಿಸುತ್ತಿದ್ದೆ. ಹಿಂದಿನ ರಾತ್ರಿ "ಹುಷಾರಿಲ್ಲ" ಅಂತ ಮೆಸೇಜ್ ಹಾಕುವವರನ್ನು ಅವರು ಮರೆಯುವುದಿಲ್ಲ.

ಒಂದು ಸೆಮಿಸ್ಟರ್‌ನಲ್ಲಿ ಅಂಕ ಇಳಿದರೆ ಮೊದಲು ಕ್ಲಬ್‌ಗಳನ್ನು ಬಿಡಿ. ಮೂರು ಕ್ಲಬ್‌ನಲ್ಲಿ ಖಜಾಂಚಿ ಆಗಿರುವುದಕ್ಕಿಂತ ನಿದ್ದೆ ಮೇಲು. ಅದೂ ಸಾಲದಿದ್ದರೆ ವಾಲಂಟಿಯರ್ ಕೆಲಸವನ್ನು ವಾರ ಬಿಟ್ಟು ವಾರಕ್ಕೆ ಇಳಿಸಿ.

ವಾರ್ಡಿನಲ್ಲಿ

ಹಾಸ್ಪಿಸ್‌ಗೆ ಹೋಗುವ ಮೊದಲು ನಾನು ಒಂದು ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಮೂರನೇ ವಾರ ಇರಬೇಕು. ಸ್ಟ್ರೋಕ್ ಆದ ಅಜ್ಜಿಯೊಬ್ಬರು ಕೈ ಸನ್ನೆ ಮಾಡಿ ನೀರು ಕೇಳಿದರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಬಾಯಾರಿದವರಿಗೆ ನೀರು ಕೊಡುವುದಕ್ಕೆ ಯಾರನ್ನು ಕೇಳಬೇಕು? ನಮ್ಮ ಮನೆಗಳಲ್ಲಿ ಯಾರು ಬಂದರೂ ಮೊದಲು ನೀರು. ಓಡಿಹೋಗಿ ಲೋಟ ತುಂಬಿಸಿಕೊಂಡು ಬಂದೆ. ಬಾಗಿಲಲ್ಲೇ ನರ್ಸ್ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಬೈಯಲಿಲ್ಲ. ಹಾಸಿಗೆಯ ತಲೆಯ ಹತ್ತಿರ ಅಂಟಿಸಿದ್ದ ಚೀಟಿ ತೋರಿಸಿದರು. ಬಾಯಿಗೆ ಏನೂ ಕೊಡಬಾರದು ಅಂತ ಅದರಲ್ಲಿ ಬರೆದಿತ್ತು.

ಸ್ಟ್ರೋಕ್ ಆದವರಲ್ಲಿ ನುಂಗುವ ಸ್ನಾಯುಗಳು ಸರಿಯಾಗಿ ಕೆಲಸ ಮಾಡದೆ ಇರಬಹುದು. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ನ್ಯುಮೋನಿಯಾ ಆಗಬಹುದು. ತೆಳುವಾದ ನೀರು ಗಟ್ಟಿ ಗಂಜಿಗಿಂತ ಜಾಸ್ತಿ ಅಪಾಯ, ಯಾಕೆಂದರೆ ಅದು ಬೇಗ ಜಾರುತ್ತದೆ. ನರ್ಸ್ ಒದ್ದೆ ಮಾಡಿದ ಸ್ಪಂಜಿನ ಕಡ್ಡಿಯಿಂದ ಅಜ್ಜಿಯ ತುಟಿ ಒರೆಸಿದರು. ಅವರು ಕಣ್ಣು ಮುಚ್ಚಿ ಅದನ್ನೇ ಚೀಪಿದರು.

ಆ ರಾತ್ರಿ ನಾನು ಲೈಬ್ರರಿಯಲ್ಲಿ ನುಂಗುವ ಕ್ರಿಯೆಯ ಬಗ್ಗೆ ಹುಡುಕಿ ಹುಡುಕಿ ಓದಿದೆ. ಯಾರೂ ಓದು ಅಂದಿರಲಿಲ್ಲ, ಪರೀಕ್ಷೆಗೂ ಇರಲಿಲ್ಲ. ಒಂದು ವರ್ಷದ ನಂತರ ಫಿಸಿಯಾಲಜಿ ಕ್ಲಾಸಿನಲ್ಲಿ ಅದೇ ಪಾಠ ಬಂದಾಗ ನೋಟ್ಸ್ ಬೇಕಾಗಲಿಲ್ಲ. ಓದು ಮತ್ತು ವಾಲಂಟಿಯರ್ ಕೆಲಸ ಒಂದರ ಸಮಯ ಇನ್ನೊಂದು ತಿನ್ನುತ್ತದೆ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಹಾಗಾಗಿ ವಾರ್ಡಿನಲ್ಲಿ ಕೆಲವು ಕಟ್ಟುನಿಟ್ಟು. ಕೇಳದೆ ನೀರು, ಊಟ ಕೊಡಬೇಡಿ. ಕೇಳದೆ ಯಾರನ್ನೂ ಹಾಸಿಗೆಯಿಂದ ಎಬ್ಬಿಸಬೇಡಿ, ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. "ನಾನು ಗುಣ ಆಗ್ತೀನಾ?" ಅಂತ ಕೇಳಿದರೆ "ಆಗ್ತೀರಿ ಬಿಡಿ" ಅಂತ ಸಮಾಧಾನ ಹೇಳಬೇಡಿ. ನಿಮಗೆ ಗೊತ್ತಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಏನು ಯೋಚನೆ ಆಗ್ತಿದೆ?" ಅಂತ ಕೇಳಿ. ಹೊರಗೆ ಬಂದ ಮೇಲೆ ನರ್ಸ್‌ಗೆ ತಿಳಿಸಿ.

ಹತ್ತು ನಿಮಿಷದ ನೋಟ್‌ಬುಕ್

ಪ್ರತಿ ಶನಿವಾರ ಕಾರಿನಲ್ಲಿ ಕೂತು, ಕೀ ತಿರುಗಿಸುವ ಮೊದಲು ಹತ್ತು ನಿಮಿಷ ಬರೆಯಿರಿ. ರೋಗಿಯ ಹೆಸರು, ರೂಮ್ ನಂಬರ್, ಊರು ಏನೂ ಬೇಡ. ಫೋಟೋ ಅಂತೂ ಬೇಡವೇ ಬೇಡ, ಸ್ಕ್ರಬ್ಸ್ ಹಾಕಿಕೊಂಡು ವಾರ್ಡಿನಲ್ಲಿ ಸೆಲ್ಫಿ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿ ಕೆಲಸ ಕಳೆದುಕೊಂಡವರಿದ್ದಾರೆ. ಏನು ನೋಡಿದೆ, ಏನು ಮಾಡಿದೆ, ಏನು ಗೊತ್ತಿರಲಿಲ್ಲ, ಇಷ್ಟು ಸಾಕು. ನನ್ನ ಆ ದಿನದ ಬರಹ ಇಷ್ಟೇ: "ನೀರು. ಚೀಟಿ ನೋಡಲಿಲ್ಲ. ಸ್ಪಂಜ್ ಚೀಪಿದರು. ನುಂಗುವುದು ಹೇಗೆ?"

ಇದರ ಉಪಯೋಗ ಮೂರು ವರ್ಷದ ನಂತರ. ಆಮ್ಕಾಸ್ ಅರ್ಜಿಯಲ್ಲಿ ಹೆಚ್ಚೆಂದರೆ 15 ಚಟುವಟಿಕೆ ಹಾಕಬಹುದು, ಪ್ರತಿಯೊಂದಕ್ಕೂ 700 ಅಕ್ಷರ. ಸ್ಪೇಸ್ ಕೂಡ ಸೇರಿ. ಅದರಲ್ಲಿ ತುಂಬ ಮುಖ್ಯವಾದ ಮೂರನ್ನು ಆರಿಸಿ, ಅವಕ್ಕೆ ಇನ್ನೂ 1325 ಅಕ್ಷರ ಬರೆಯಬಹುದು. ಹದಿನೈದೂ ತುಂಬಿಸಲೇಬೇಕು ಅಂತಿಲ್ಲ. ನೋಟ್‌ಬುಕ್ ಇಲ್ಲದವರು ಹೀಗೆ ಬರೆಯುತ್ತಾರೆ: "ರೋಗಿಗಳಿಗೆ ಸಹಾಯ ಮಾಡಿ ಸಹಾನುಭೂತಿಯ ಮಹತ್ವ ಕಲಿತೆ." ಸಾವಿರ ಅರ್ಜಿಯಲ್ಲಿ ಇದೇ ವಾಕ್ಯ. ನೋಟ್‌ಬುಕ್ ಇದ್ದವರು ಸ್ಪಂಜಿನ ಕಡ್ಡಿಯ ಬಗ್ಗೆ ಬರೆಯುತ್ತಾರೆ.

ಕನ್ನಡ ಗೊತ್ತು ಅನ್ನುವುದು

ನಿಮಗೆ ಕನ್ನಡ ಬರುತ್ತದೆ ಅಂತ ಗೊತ್ತಾದರೆ ಯಾರಾದರೂ ಒಂದು ದಿನ ಕರೆಯುತ್ತಾರೆ. ಮಗನ ಮನೆಗೆ ಆರು ತಿಂಗಳಿಗೆ ಅಂತ ಬಂದ ಅಜ್ಜ, ಇಂಗ್ಲಿಷ್ ಬರುವುದಿಲ್ಲ. "ಸ್ವಲ್ಪ ಹೇಳಮ್ಮ" ಅನ್ನುತ್ತಾರೆ. ಇಲ್ಲಿ ತುಂಬ ಹುಷಾರಾಗಿರಬೇಕು.

ನಮ್ಮವರು "ಗ್ಯಾಸ್ಟ್ರಿಕ್ ಆಗಿದೆ" ಅನ್ನುತ್ತಾರೆ. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಹುಳಿ ತೇಗು ಬಂದರೂ ಗ್ಯಾಸ್ಟ್ರಿಕ್, ಎದೆ ಹಿಡಿದ ಹಾಗಾದರೂ ಗ್ಯಾಸ್ಟ್ರಿಕ್. ಅದನ್ನು ಹಾಗೇ ಇಂಗ್ಲಿಷಿಗೆ ದಾಟಿಸಿದರೆ ಡಾಕ್ಟರ್ ಹೊಟ್ಟೆಯ ಕಡೆ ಯೋಚಿಸಬಹುದು, ಅಷ್ಟರಲ್ಲಿ ಹೃದಯದ ಸಮಯ ಹೋಗಿರುತ್ತದೆ. "ಸಂಕಟ" ಅಂದರೂ ಅಷ್ಟೇ. ಕೆಲವರಿಗೆ ವಾಂತಿ ಬರುವ ಹಾಗೆ, ಕೆಲವರಿಗೆ ಉಸಿರು ಕಟ್ಟಿದ ಹಾಗೆ, ಕೆಲವರಿಗೆ ಮನಸ್ಸಿನ ನೋವು. ದಕ್ಷಿಣ ಏಷ್ಯಾದವರಲ್ಲಿ ಹೃದಯರೋಗ ಜಾಸ್ತಿ ಮತ್ತು ಬೇಗ ಬರುತ್ತದೆ ಅನ್ನುವುದು ಇಲ್ಲಿನ ಡಾಕ್ಟರ್‌ಗಳಿಗೂ ಗೊತ್ತಿರುವ ವಿಷಯ. ಅದರ ಬಗ್ಗೆ 'ಮಸಾಲಾ' ಅಂತಲೇ ಒಂದು ದೊಡ್ಡ ಅಧ್ಯಯನ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಕಡೆ ನಡೆಯುತ್ತಿದೆ. ಹೆಸರು ನೋಡಿ ನಕ್ಕಿದ್ದೆ.

ಫೆಡರಲ್ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ತರಬೇತಿ ಪಡೆದ ದುಭಾಷಿಯನ್ನು ಬಿಟ್ಟಿಯಾಗಿ ಒದಗಿಸಬೇಕು ಅಂತ ಕಾನೂನಿದೆ. ಫೋನಿನಲ್ಲಿ ಸಿಗುತ್ತಾರೆ. ವಾಲಂಟಿಯರ್ ಆಗಿ ನೀವು ಮಾಡಬಹುದಾದ್ದು: ಅಜ್ಜನ ಹತ್ತಿರ ಕೂತು ಊರು ಕೇರಿ ಮಾತಾಡುವುದು, ಕನ್ನಡದ ದುಭಾಷಿ ಬೇಕು ಅಂತ ನರ್ಸ್‌ಗೆ ನೆನಪಿಸುವುದು. ರೋಗದ ಮಾತು, ಒಪ್ಪಿಗೆ ಪತ್ರ, ಔಷಧದ ಪ್ರಮಾಣ, ಇವನ್ನು ಮಾತ್ರ ನೀವು ಅನುವಾದಿಸಬೇಡಿ. ಇಷ್ಟ ಇದ್ದರೆ 40 ಗಂಟೆಯ ಮೆಡಿಕಲ್ ದುಭಾಷಿ ತರಬೇತಿ ಮಾಡಿಕೊಳ್ಳಿ. ಪ್ರಿ-ಮೆಡ್ ಮಕ್ಕಳಲ್ಲಿ ಇದನ್ನು ಮಾಡುವವರು ಕಡಿಮೆ.

ಬೇಸಿಗೆ ರಜೆ, ಊರಿನ ಆಸ್ಪತ್ರೆ

"ಮಾವ ಮೈಸೂರಲ್ಲಿ ಸರ್ಜನ್, ಎರಡು ವಾರ ಹೋಗಿ ಆಪರೇಷನ್ ಥಿಯೇಟರ್‌ನಲ್ಲಿ ಇದ್ದು ಬರ್ತೀನಿ." ಹೋಗಿ, ತಪ್ಪಿಲ್ಲ. ಆದರೆ ನೋಡುವುದಕ್ಕೆ ಮಾತ್ರ. ಮಾವ ಪ್ರೀತಿಯಿಂದ "ಬಾ, ನೀನೊಂದು ಹೊಲಿಗೆ ಹಾಕು" ಅಂದರೆ ಬೇಡ ಅನ್ನಿ. ಅಮೆರಿಕದಲ್ಲಿ ನಿಮಗೆ ಮಾಡಲು ಬಿಡದ ಕೆಲಸವನ್ನು ಊರಿನ ರೋಗಿಯ ಮೇಲೆ ಮಾಡುವುದು ಸರಿಯಲ್ಲ. ಎಎಎಂಸಿಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಅದನ್ನು ಹೆಮ್ಮೆಯಿಂದ ಅರ್ಜಿಯಲ್ಲಿ ಬರೆದರೆ ಅರ್ಜಿ ಬಿದ್ದೇ ಹೋಗಬಹುದು.

ಊರಿಗೆ ಹೋದಾಗ ನಗರದ ಆಸ್ಪತ್ರೆಗಿಂತ ಹಳ್ಳಿ ಕಡೆಯ ಕೆಲಸ ನೋಡಲು ಸಾಧ್ಯವಾದರೆ ನೋಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ (ವಿಜಿಕೆಕೆ) ಸೋಲಿಗರ ನಡುವೆ ಕೆಲಸ ಮಾಡುತ್ತದೆ. ಎಚ್.ಡಿ. ಕೋಟೆಯ ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ, 1984ರಲ್ಲಿ ಮೈಸೂರಿನ ಮೆಡಿಕಲ್ ವಿದ್ಯಾರ್ಥಿಗಳು ಶುರು ಮಾಡಿದ್ದು. ಮೊದಲೇ ಪತ್ರ ಬರೆದು, ಅವರು ಒಪ್ಪಿದರೆ ಮಾತ್ರ ಹೋಗಿ. ಎರಡು ವಾರಕ್ಕೆ ಬಂದ ನಮ್ಮಿಂದ ಅವರಿಗೆ ಉಪಯೋಗ ಕಡಿಮೆ, ಉಪದ್ರವವೇ ಜಾಸ್ತಿ. ಅದು ಮನಸ್ಸಿನಲ್ಲಿರಲಿ.

ಇಲ್ಲೇ ಉಳಿದವರು ಡಾಕ್ಟರ್‌ಗಳಿಗೆ ಇಮೇಲ್ ಮಾಡಿ ಶ್ಯಾಡೋಯಿಂಗ್ ಕೇಳಿ. ಐದು ಸಾಲು ಸಾಕು. ಹತ್ತು ಜನಕ್ಕೆ ಬರೆದರೆ ಒಬ್ಬರು ಉತ್ತರಿಸುತ್ತಾರೆ. ಸರ್ಜನ್ ಒಬ್ಬರನ್ನೇ ನೋಡಬೇಡಿ, ಫ್ಯಾಮಿಲಿ ಡಾಕ್ಟರ್ ಹತ್ತಿರವೂ ಇರಿ. 40-50 ಗಂಟೆ ಆದರೆ ನನ್ನ ಮಟ್ಟಿಗೆ ಧಾರಾಳ.

ರಿಸರ್ಚ್ ಬಗ್ಗೆ ಒಂದೇ ಮಾತು. ಇಷ್ಟ ಇದ್ದರೆ ಮಾಡಿ, ಇಷ್ಟ ಇಲ್ಲದೆ ಲ್ಯಾಬ್‌ನಲ್ಲಿ ಎರಡು ವರ್ಷ ಟ್ಯೂಬ್ ತೊಳೆಯಬೇಡಿ. ರಿಸರ್ಚಿಗೇ ಹೆಸರಾದ ಸ್ಕೂಲ್‌ಗಳಿಗೆ ಹೋಗಬೇಕು ಅನ್ನುವವರಿಗೆ ಮಾತ್ರ ಅದು ಬೇಕೇ ಬೇಕು.

ಎಂಕ್ಯಾಟ್

230 ಪ್ರಶ್ನೆ, ಬರೆಯುವ ಸಮಯವೇ 6 ಗಂಟೆ 15 ನಿಮಿಷ, ವಿರಾಮ ಸೇರಿ ಏಳೂವರೆ ಗಂಟೆ. ಅಂಕ 472ರಿಂದ 528ರವರೆಗೆ. ನಾಲ್ಕು ಭಾಗ. ಮೂರು ಭಾಗ ನೀವು ಓದಿದ್ದರ ಮೇಲೆ. ಕಾರ್ಸ್ ಅನ್ನುವ ನಾಲ್ಕನೆಯದರಲ್ಲಿ ಸಾಹಿತ್ಯ, ಕಲೆ, ತತ್ವಶಾಸ್ತ್ರ ಇಂಥ ಒಂಬತ್ತು ಇಂಗ್ಲಿಷ್ ಬರಹ ಕೊಟ್ಟು 90 ನಿಮಿಷದಲ್ಲಿ 53 ಪ್ರಶ್ನೆ ಕೇಳುತ್ತಾರೆ. ನನ್ನ ಹಾಗೆ ಹದಿನೈದು ವರ್ಷಕ್ಕೆ ಬಂದವರು ಮುಗ್ಗರಿಸುವುದು ಅಲ್ಲೇ. ಅದಕ್ಕೆ ಮೂರು ತಿಂಗಳ ಓದು ಸಾಲುವುದಿಲ್ಲ. ಮೊದಲ ವರ್ಷದಿಂದ ದಿನಾ ಅರ್ಧ ಗಂಟೆ ನಿಮಗೆ ಬೋರ್ ಆಗುವಂಥದ್ದನ್ನೇ ಓದಿ, ಬರೆದವರು ಏನು ಹೇಳಲು ಹೊರಟಿದ್ದಾರೆ ಅಂತ ಒಂದು ಸಾಲಿನಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲಿ ಹೇಳಿಕೊಂಡರೂ ಆಗುತ್ತದೆ, ನಾನು ಹಾಗೇ ಮಾಡಿದ್ದು.

ಒಂದು ವರ್ಷದಲ್ಲಿ ಮೂರು ಸಲ, ಎರಡು ವರ್ಷದಲ್ಲಿ ನಾಲ್ಕು ಸಲ, ಜೀವಮಾನದಲ್ಲಿ ಏಳು ಸಲ ಬರೆಯಲು ಅವಕಾಶ. ಆದರೆ "ಒಂದು ಸಲ ಸುಮ್ನೆ ಬರೆದು ನೋಡ್ತೀನಿ" ಅನ್ನಬೇಡಿ, ಎಲ್ಲ ಅಂಕವೂ ಸ್ಕೂಲ್‌ಗಳಿಗೆ ಕಾಣುತ್ತದೆ. ಎಎಎಂಸಿಯ ಅಭ್ಯಾಸ ಪರೀಕ್ಷೆಗಳನ್ನು ಬೆಳಿಗ್ಗೆ ಎಂಟಕ್ಕೆ ಕೂತು ಪೂರ್ತಿ ಬರೆಯಿರಿ. ಮಧ್ಯೆ ತಿನ್ನಲು ಏನು ಒಗ್ಗುತ್ತದೆ ಅಂತಲೂ ಆಗಲೇ ನೋಡಿಕೊಳ್ಳಿ. ಅಮ್ಮ ಕಟ್ಟಿಕೊಟ್ಟ ಬಿಸಿಬೇಳೆಬಾತ್ ತಿಂದು ಮಧ್ಯಾಹ್ನದ ಬಯಾಲಜಿಯಲ್ಲಿ ನಾನು ತೂಕಡಿಸಿದ್ದೆ. ಅಸಲಿ ಪರೀಕ್ಷೆಗೆ ಚಪಾತಿ ರೋಲ್ ಒಯ್ದೆ. ದುಡ್ಡಿನ ತೊಂದರೆ ಇದ್ದರೆ ಎಎಎಂಸಿಯ ಫೀ ಅಸಿಸ್ಟೆನ್ಸ್ ಪ್ರೋಗ್ರಾಮ್‌ಗೆ ಮೊದಲೇ ಅರ್ಜಿ ಹಾಕಿ, ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆ.

ಅರ್ಜಿ

2028ರ ಆಗಸ್ಟ್‌ನಲ್ಲಿ ಮೆಡಿಕಲ್ ಸ್ಕೂಲ್ ಸೇರಬೇಕು ಅಂದರೆ 2027ರ ಜೂನ್‌ನಲ್ಲಿ ಅರ್ಜಿ ಹೋಗಿರಬೇಕು. ಎಂಕ್ಯಾಟ್ ಅಂಕ ಬರಲು ಒಂದು ತಿಂಗಳು ಬೇಕು, ಹಾಗಾಗಿ ಏಪ್ರಿಲ್ ಒಳಗೆ ಬರೆದಿದ್ದರೆ ನೆಮ್ಮದಿ. ಶಿಫಾರಸು ಪತ್ರ ಕೇಳುವುದು ಫೆಬ್ರವರಿಯಲ್ಲಿ. ಸಾಮಾನ್ಯವಾಗಿ ಇಬ್ಬರು ಸೈನ್ಸ್ ಪ್ರೊಫೆಸರ್, ಒಬ್ಬರು ಬೇರೆ ವಿಷಯದವರು, ಜೊತೆಗೆ ನಿಮ್ಮ ಕೆಲಸ ನೋಡಿದವರು ಒಬ್ಬರು. "ಚೆನ್ನಾಗಿ ಬರೆದುಕೊಡೋಕೆ ಆಗುತ್ತಾ?" ಅಂತಲೇ ಕೇಳಿ. ತಡವರಿಸಿದರೆ ಥ್ಯಾಂಕ್ಸ್ ಹೇಳಿ ಬೇರೆಯವರ ಹತ್ತಿರ ಹೋಗಿ. ನನಗೆ ಅತಿ ಒಳ್ಳೆಯ ಪತ್ರ ಬರೆದದ್ದು ಹಾಸ್ಪಿಸ್‌ನ ಕೋಆರ್ಡಿನೇಟರ್.

ಸ್ಕೂಲ್‌ಗಳು ಬಂದ ಅರ್ಜಿಗಳನ್ನು ಬಂದ ಹಾಗೆ ನೋಡುತ್ತಾ ಹೋಗುತ್ತವೆ. ಸೆಪ್ಟೆಂಬರ್‌ನಲ್ಲಿ ಹಾಕಿದರೆ ಅಷ್ಟರಲ್ಲಿ ಇಂಟರ್‌ವ್ಯೂ ಜಾಗ ತುಂಬುತ್ತಾ ಬಂದಿರುತ್ತದೆ. 5300 ಅಕ್ಷರದ ಸ್ವಂತ ಪ್ರಬಂಧ ಮೇ ಹೊತ್ತಿಗೆ ಮುಗಿದಿರಲಿ. ಅದು ಹೋದಮೇಲೆ ಹೆಚ್ಚಿನ ಸ್ಕೂಲ್‌ಗಳು ಇನ್ನಷ್ಟು ಪ್ರಶ್ನೆ ಕಳಿಸುತ್ತವೆ, ಎರಡು ವಾರದಲ್ಲಿ ಉತ್ತರಿಸಿ.

ತಯಾರಾಗಿಲ್ಲ ಅನ್ನಿಸಿದರೆ ಒಂದು ವರ್ಷ ತಡೆಯಿರಿ. ಈಗ ಮೆಡಿಕಲ್ ಸ್ಕೂಲ್ ಸೇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡಿಗ್ರಿ ಆದಮೇಲೆ ಒಂದಾದರೂ ವರ್ಷ ಬಿಟ್ಟು ಬಂದವರೇ. ನಾನೂ ಹಾಗೇ. ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ಇಲ್ಲದಿದ್ದರೆ ಊರಿಂದ ದೊಡ್ಡಮ್ಮ ಫೋನ್ ಮಾಡಿ "ಯಾಕೆ, ಸೀಟ್ ಸಿಗಲಿಲ್ವಾ?" ಅಂತ ಕೇಳುತ್ತಾರೆ, ಅಮ್ಮನ ಮುಖ ಸಣ್ಣಗಾಗುತ್ತದೆ.

ಅರ್ಜಿ ಹಾಕಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಚಟುವಟಿಕೆಗಳ ಪಟ್ಟಿಯಲ್ಲಿ ಮುಗಿದ ಗಂಟೆಗಳ ಜೊತೆ, ಮುಂದೆ ಮಾಡಲಿರುವ ಗಂಟೆಗಳನ್ನೂ ಬರೆದಿರುತ್ತೀರಿ. ಅದು ಮಾತು ಕೊಟ್ಟ ಹಾಗೆ. ಇಂಟರ್‌ವ್ಯೂನಲ್ಲಿ "ಈಗಲೂ ಹೋಗುತ್ತಿದ್ದೀಯಾ?" ಅಂತ ಕೇಳಿಯೇ ಕೇಳುತ್ತಾರೆ. ನಾನು ಸಬ್ಮಿಟ್ ಒತ್ತಿದ್ದು ಒಂದು ಗುರುವಾರ ರಾತ್ರಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಹಾಸ್ಪಿಸ್‌ನಲ್ಲಿದ್ದೆ. ಎರಡನೇ ರೂಮಿಗೆ ಹೊಸಬರು ಬಂದಿದ್ದರು. ಒಳಗೆ ಹೋಗುವ ಮೊದಲು ಹಾಸಿಗೆಯ ತಲೆಯ ಹತ್ತಿರ ಚೀಟಿ ಇದೆಯಾ ಅಂತ ಬಾಗಿಲಿನಿಂದಲೇ ನೋಡಿದೆ.